ನಡುವಿನ ತಂತಿಗಳ ಶ್ರುತಿ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗೆಲ್ಲ ನನಗೆ ನಾಸಿಕ್ ರೋಡಿನಲ್ಲಿದ್ದಾಗಿನ ನಮ್ಮ ಪಕ್ಕದ ಮನೆ ನೆನಪಾಗುತ್ತದೆ. ಮೊನ್ನೆಯೂ ಹಾಗೇ ಆಯಿತು. ಆ ಮನೆಯ ಕಾಕಾ ಇದೇ ಎಣ್ಣೆಯನ್ನು ಗಿಟಾರಿನ ತಂತಿಗಳಿಗೆ ಸವರುತ್ತಿದ್ದರು. ಅವರ ಬಾಗಿಲು ತೆರೆದರೆ ಮೊದಲು ಆ ವಾಸನೆ, ಆಮೇಲೆ ಹಳೆಯ ಮರದ್ದು...

ಅವರು ಬೀದರ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಅಲ್ಲೇ ಉಳಿದವರು. ನನ್ನ ಗಂಡನಿಗೆ ವರ್ಗವಾಗಿ ನಾವು ಧಾರವಾಡದಿಂದ ಹೋದಾಗ ಆ ಕಟ್ಟಡದಲ್ಲಿ ಕನ್ನಡ ಮಾತಾಡುತ್ತಿದ್ದವರು ಕಾಕಾ, ಅವರ ಹೆಂಡತಿ ಕಾಕು ಇಬ್ಬರೇ. ಹಳೆಯ ಸ್ಟೀಲ್ ಗಿಟಾರು ಕೂಡಿಸುವುದು ಕಾಕಾರ ಹುಚ್ಚು. ತೊಡೆಯ ಮೇಲಿಡುವ ಸಣ್ಣವಲ್ಲ. ಮೇಜಿನಂತೆ ಕಾಲಿನ ಮೇಲೆ ನಿಲ್ಲುವಂಥವು. ಒಂದೇ ಮರದ ಮೇಲೆ ಎರಡು ಇಲ್ಲವೇ ಮೂರು ಕುತ್ತಿಗೆ, ಪ್ರತಿಯೊಂದಕ್ಕೂ ಬೇರೆ ತಂತಿ, ಬೇರೆ ಶ್ರುತಿ. ಮುಂಬೈಯ ಹಳೆಯ ಆರ್ಕೆಸ್ಟ್ರಾದವರ ಮನೆ ಹುಡುಕಿಕೊಂಡು ಹೋಗಿ ತಂದಿದ್ದರು. ಮೂರು ಕುತ್ತಿಗೆಯದ್ದು ಒಳಗೆ ಬಂದ ದಿನ ದಿವಾನ್ ಮಂಚ ಹೊರಗೆ ಹೋಯಿತಂತೆ.

"ಮನ್ಯಾಗ ಮಂದಿಗೆ ಕೂಡಾಕ ಜಾಗಾ ಇಲ್ಲ, ಇವಕ್ಕ ಕಾಲ ಚಾಚಾಕ ಬೇಕು," ಎಂದು ಕಾಕು ಗೊಣಗುತ್ತಿದ್ದರು. ಸಂಜೆಯಾದರೆ ಚಹಾ ಹಿಡಿದು ಅದರ ಎದುರಿಗೇ ಕೂಡುತ್ತಿದ್ದರು.

ಎಡಗೈಯಲ್ಲಿನ ಉಕ್ಕಿನ ತುಂಡು ತಂತಿಯ ಮೇಲೆ ಜಾರಿದಂತೆ ಸ್ವರ ಯಾರದೋ ಗಂಟಲಿನಿಂದ ಬಂದಂತಿರುತ್ತಿತ್ತು. ಎಲ್ಲಿ ನಿಲ್ಲಿಸಬೇಕೆಂದು ತೋರಿಸಲು ಮರದ ಮೇಲೆ ಗೆರೆಗಳಿದ್ದವು. ಕಾಕಾ ಅವನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ ಕಿವಿಯಿಂದಲೇ ಜಾಗ ಹುಡುಕುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ಜಾಗ ತಪ್ಪತೊಡಗಿತು. ತಂತಿ ಹಳತಾಗಿವೆ ಎಂದು ಬದಲಿಸಿದರು. ಮತ್ತೆ ತಪ್ಪಿತು. ಮದುವೆಗೆ ಮುಂಚೆ ನಾನು ಹಾಡು ಕಲಿತದ್ದು ಅವರಿಗೆ ಗೊತ್ತಿತ್ತು. ಒಂದು ದಿನ ಕರೆದು ಕೇಳಿದರು.

"ತಂಗಿ, ಖರೇ ಹೇಳು. ಸ್ವರ ಸರಿ ಅದನ?"

"ಸ್ವಲ್ಪ ಇಳದದ್ರಿ ಕಾಕಾ."

ಡಾಕ್ಟರು ಕಿವಿಯ ನರ ಸೋತಿದೆ ಎಂದರು. ಅವರು ಕೊಟ್ಟ ಮಷೀನಿನಿಂದ ಸದ್ದು ದೊಡ್ಡದಾಯಿತೇ ಹೊರತು ಸ್ವರ ನೆಟ್ಟಗಾಗಲಿಲ್ಲ. ಒಂದೇ ತಂತಿ ಬಲಗಿವಿಗೆ ಒಂದು ಸ್ವರ, ಎಡಗಿವಿಗೆ ಇನ್ನೊಂದು. ಕೆಲವು ದಿನ ನಾನು ಎದುರಿಗೆ ಕೂತು, ಸ್ವರ ಇಳಿದರೆ ಕೈ ಎತ್ತುತ್ತ, ಏರಿದರೆ ಇಳಿಸುತ್ತ ನೋಡಿದೆ. ಅವರು ನನ್ನ ಕೈ ನೋಡಿ ಉಕ್ಕನ್ನು ಸರಿಸುವರು. ಒಂದು ಸಂಜೆ ನಡುವೆಯೇ ನಿಲ್ಲಿಸಿ, "ಸಾಕು ತಾಯಿ. ನೀ ಕೈ ಎತ್ತೂದ್ರಾಗ ಸ್ವರ ಹೋಗಿಬಿಟ್ಟಿರ್ತದ," ಎಂದರು.

ಆ ವರ್ಷವೇ ಅವರಿಬ್ಬರೂ ಮಗಳ ಮನೆಗೆ, ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರಕ್ಕೆ ಹೋದರು. ಉಳಿದವನ್ನೆಲ್ಲ ಕೊಟ್ಟುಬಿಟ್ಟು, ಮೂರು ಕುತ್ತಿಗೆಯದ್ದನ್ನು ಮಾತ್ರ ಒಯ್ದರು.

ಚಳಿಗಾಲದಲ್ಲಿ ಬಸ್ಸು ಹತ್ತಿ ನೋಡಲು ಹೋದೆ. ಕಾಕಾ ಒಂದು ಕಿವಿಗೆ ಹತ್ತಿ ಇಟ್ಟುಕೊಂಡು ನುಡಿಸುತ್ತಿದ್ದರು. ಕೇಳಲಾಗದಷ್ಟು ಅಪಸ್ವರ. ಮುಖ ಮಾತ್ರ ಮೊದಲಿನ ಹಾಗೆ ಅರಳಿತ್ತು. ನನ್ನನ್ನು ಕಂಡು ತಾವೇ ವಿವರಿಸಿದರು.

"ಈ ಕಡೀ ಕುತ್ತಿಗಿ ಬಲಗಿವೀದು, ಆ ಕಡೀದು ಎಡಗಿವೀದು. ಒಂದೊಂದೇ ಕಿವೀಲೆ ಶ್ರುತಿ ಮಾಡೀನಿ. ನನಗ ಎರಡೂ ಬರೋಬರ್ ಕೇಳ್ತಾವ."

"ಮತ್ತ ನಡುವಿಂದ್ರಿ?"

"ಅದು ನಿಮ್ಮ ಕಾಕೂದು. ಅಕೀಗೂ ಸರಿ ಕೇಳಬೇಕಲ್ಲ? ನೀ ಮಾಡಿಕೊಡು."

ನಾನು ಒಂದೊಂದೇ ಗೂಟ ತಿರುಗಿಸಿ ನಡುವಿನ ತಂತಿಗಳನ್ನು ಶ್ರುತಿಗೆ ತಂದೆ. ಕಾಕಾ ಕನ್ನಡಕ ಹಾಕಿಕೊಂಡು, ಬಾಗಿ, ಗೆರೆಗಳನ್ನು ನೋಡುತ್ತ ನುಡಿಸಿದರು, ಶಾಲೆಯ ಮಗು ಅಕ್ಷರಕ್ಕೆ ಬೆರಳಿಟ್ಟು ಓದಿದ ಹಾಗೆ. ಮೊದಲಿನ ಆ ಜಾರು ಇರಲಿಲ್ಲ. ಆದರೆ ಪ್ರತಿ ಸ್ವರವೂ ತನ್ನ ಜಾಗದಲ್ಲಿತ್ತು. ಕಾಕು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕಾಕಾರ ಮುಖ ಹುಳಿ ಕಚ್ಚಿದವರಂತೆ ಕಿವುಚಿಕೊಳ್ಳುತ್ತಿತ್ತು. ಆದರೂ ಕೊನೆಯವರೆಗೆ ನಿಲ್ಲಿಸಲಿಲ್ಲ.

"ಮೊದಲಿನಂಗೇ ಆತು ನೋಡು," ಎಂದರು ಕಾಕು.

ನಾಲ್ಕು ದಿನಕ್ಕೆ ತಂತಿ ಮತ್ತೆ ಸಡಿಲಾಗುತ್ತವೆ. ನಾಸಿಕ್‌ನಿಂದ ಎಷ್ಟು ಸಲ ಹೋಗಲಾದೀತು? ಇನ್ನೆರಡು ಸಲ ಹೋದೆನೇನೋ... ಅಷ್ಟರಲ್ಲಿ ನಮಗೆ ಮತ್ತೆ ವರ್ಗವಾಯಿತು.

ಈಗ ಕಾಕಾ ಇಲ್ಲ, ಕಾಕುವೂ ಇಲ್ಲ. ಗಿಟಾರನ್ನು ಪುಣೆಯವರೊಬ್ಬರು ಒಯ್ದರೆಂದು ಅವರ ಮಗಳು ಫೋನಿನಲ್ಲಿ ಹೇಳಿದಳು. ಅವರು ಮೂರನ್ನೂ ಚೆನ್ನಾಗಿ ಶ್ರುತಿ ಮಾಡಿಕೊಂಡಿದ್ದಾರಂತೆ. ಕಾಕಾರಿಗೆ ಸರಿಯಾಗಿ ಕೇಳುತ್ತಿದ್ದ ಆ ಎರಡು ಶ್ರುತಿಗಳು ಹೇಗಿದ್ದವೆಂದು ನೆನಪಿಸಿಕೊಳ್ಳಲು ನೋಡುತ್ತೇನೆ. ಬರುವುದೇ ಇಲ್ಲ. ನೆನಪಿನಲ್ಲೂ ನನ್ನ ಕಿವಿ ಅವನ್ನು ತಿದ್ದಿಯೇ ಕೇಳಿಸುತ್ತದೆ.