ಕಣಕಾಲಿನ ಕಪ್ಪು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಕಾಲಿಗೆ ಮೊಳೆ ಚುಚ್ಚಿ, ಕೀವು ತುಂಬಿ, ಮಾಕಳಿ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಲಗಿದ್ದೆ. ಹೊರಗೆ ಗಾಜಿನ ಬಾಗಿಲು, ಸೋಫಾ, ಮೀನಿನ ತೊಟ್ಟಿ. ಒಳಗೆ ನಮ್ಮ ವಾರ್ಡಿನಲ್ಲಿ ನಾಲ್ಕು ಮಂಚ ಹಿಡಿಯುವ ಜಾಗಕ್ಕೆ ಏಳು ತುರುಕಿದ್ದರು. ಮೀನಿಗೆ ಕೊಟ್ಟಷ್ಟು ಜಾಗ ನರ್ಸುಗಳಿಗೆ ಕೊಡಲಿಲ್ಲ, ಹಾಳಾದವರು.

ಔಷಧಿ ತಟ್ಟೆಯನ್ನು ನನ್ನ ಹೊದಿಕೆಯ ಮೇಲೇ ಇಡುತ್ತಿದ್ದರು. ಪಕ್ಕದವಳ ಮಾತ್ರೆ ಒಮ್ಮೆ ನನ್ನ ಬಾಯಿಯವರೆಗೂ ಬಂತು. ಬೈಸಿಕೊಂಡದ್ದು ನರ್ಸು. ಮಂಚದ ತಲೆ ಎತ್ತಲು ಕಾಲ ಕಡೆ ತಿರುಗಿಸುವ ಕಬ್ಬಿಣದ ಹಿಡಿ ಇರುತ್ತದಲ್ಲ, ಅದು ಓಡಾಡುವ ದಾರಿಗೇ ಚಾಚಿಕೊಂಡಿತ್ತು. ಒಬ್ಬ ನರ್ಸು ಸಾಕ್ಸ್ ಇಳಿಸಿ ಕಣಕಾಲು ತೋರಿಸಿದಳು. ಆ ಹಿಡಿ ಬಡಿದೂ ಬಡಿದೂ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು.

"ನಮ್ಮೆಲ್ರಿಗೂ ಇದೇ ಜಾಗದಲ್ಲೇ ಐತೆ ಅಜ್ಜಿ. ಇದೇ ನಮ್ ಯೂನಿಫಾರಂ," ಅಂದು ನಕ್ಕಳು. ನನಗೆ ನಗು ಬರಲಿಲ್ಲ.

ಒಂದು ಮಧ್ಯಾಹ್ನ ಅವಳೇ ನನ್ನ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿದಳು. ಬಳಸಿದ ಸೂಜಿ ಹಾಕುವ ಡಬ್ಬಿ ಇದ್ದದ್ದು ದೂರದ ಬಾಗಿಲ ಹತ್ತಿರ. ಸೂಜಿ ಹಿಡಿದು ತಿರುಗಿದ್ದೇ, ನನ್ನ ಮಂಚದ ಹಿಡಿ ಬಡಿದು ಮುಗ್ಗರಿಸಿದಳು. ನನ್ನ ಮೈಯಿಂದ ಬಂದ ಸೂಜಿ ಅವಳ ಅಂಗೈಗೆ ನಾಟಿತು.

ಕೈ ತೊಳೆದು ಬಂದು ಮೆಲ್ಲಗೆ ಕೇಳಿದಳು: "ಅಜ್ಜಿ, ನಿಮ್ಗೆ ಯಾವತ್ತಾದ್ರೂ ರಕ್ತ ಏರ್ಸಿದ್ರಾ?"

"ಗರ್ಭಕೋಶ ತೆಗ್ದಾಗ ಏರ್ಸಿದ್ರು ಕಣಮ್ಮ. ಯಾರ್ದೋ ಏನೋ."

ಅವಳ ಮುಖ ಬಿಳುಚಿತು. ನನ್ನ ರಕ್ತ ಪರೀಕ್ಷೆ ಮಾಡಿದರೆ ತಾನೇ ಅವಳಿಗೆ ರೋಗ ಅಂಟುವ ಭಯ ಇದೆಯೋ ಇಲ್ಲವೋ ತಿಳಿಯುವುದು? ವಾರ್ಡಿಗೆ ಬಂದ ಆಸ್ಪತ್ರೆ ಮ್ಯಾನೇಜರನ್ನು ಅವಳು ಕೇಳಿದಳು, ಅವನು ಒಪ್ಪಲಿಲ್ಲ. ಪರೀಕ್ಷೆ ಮಾಡಿಸಿದರೆ ಇಲ್ಲಿ ಹೀಗಾಯಿತೆಂದು ಒಪ್ಪಿಕೊಂಡ ಹಾಗಾಗುತ್ತದಲ್ಲ.

"ನೋಡ್ಕೊಂಡ್ ನಡೀಬಾರ್ದೇನಮ್ಮ? ಚಿಕ್ಕ ಗಾಯ, ಹೋಗು, ಡ್ಯೂಟಿ ನೋಡು," ಅಂದ.

"ನೀನೊಂದ್ಸಲ ಇಲ್ಲಿ ನಡ್ದು ತೋರ್ಸಪ್ಪ, ಆ ಡೊಳ್ಳೊಟ್ಟೆ ಇಟ್ಕೊಂಡು," ಅಂದೆ.

ಪಕ್ಕದ ಮಂಚದವಳು ಕಿಸಕ್ಕೆಂದಳು. ಅವನು ನನ್ನ ಕಡೆ ತಿರುಗಿ, "ಅಜ್ಜಿ, ಬೆಳಿಗ್ಗೆ ನಿಮ್ಗೆ ಡಿಸ್ಚಾರ್ಜ್. ಬೇಗ ಮಂಚ ಬಿಡಿ, ಇನ್ನೊಬ್ರು ಕಾಯ್ತಾವ್ರೆ," ಅಂದು ಹೋದ. ಇರುಳೆಲ್ಲ ಆ ಕಬ್ಬಿಣದ ಹಿಡಿಯನ್ನೇ ನೋಡುತ್ತಾ ಮಲಗಿದ್ದೆ. ಅವಳಿಗೇನಾದರೂ ಆದರೆ ಅದು ನನ್ನ ರಕ್ತ, ಅವರ ಮಂಚ.

ಮರುದಿನ ಬೆಳಿಗ್ಗೆ ನಾನು ಏಳಲಿಲ್ಲ. ಆಯಾ ಕರೆದಳು, ಮ್ಯಾನೇಜರು ಕರೆದ, ಹೊಸ ರೋಗಿಯ ಮಗ ಚೀಲ ತಂದು ಕಾಲ ಬಳಿ ಇಟ್ಟ. "ನನ್ ರಕ್ತ ಪರೀಕ್ಷೆ ಮಾಡಿ, ಏನೈತೆ ಅಂತ ಆ ಉಡ್ಗಿಗೆ ಏಳ್ರಿ. ಆಮೇಲೆ ಮಂಚ ಬಿಡ್ತೀನಿ," ಅಂದೆ. ರವಿಕೆಯ ತೋಳು ಮೇಲೆತ್ತಿ, ಕೈ ಚಾಚಿ ಮಲಗಿದೆ. ಲ್ಯಾಬಿನವಳು ಬರುವವರೆಗೂ ಮಡಿಸಲಿಲ್ಲ.