ಅತ್ತೆ ಜಪಾನಿನ ಮನೆ ನೋಡಿದ್ದು

ಮೊನ್ನೆ ಹೊನ್ನಾಳಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಬುತ್ತಿ ಬಿಚ್ಚಿದರು. ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ. ಬೆಳ್ಳುಳ್ಳಿ ಹಾಕಿ ಕುಟ್ಟಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅತ್ತೆ ಬಂದು ನನ್ನ ಪಕ್ಕದಲ್ಲೇ ಕೂತ ಹಾಗಾಯಿತು. ಹೊನ್ನಾಳಿಗೆ ಯಾಕೆ ಹೊರಟಿದ್ದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅತ್ತೆಯ ವಿಷಯ.

ಅತ್ತೆ ಅಂದರೆ ಅಪ್ಪನ ಅಕ್ಕ. ಚನ್ನಗಿರಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದಳು. ಖಡಕ್ ರೊಟ್ಟಿ, ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಅಡಿಕೆ ಮಂಡಿಯಲ್ಲಿ ಎಲ್ಲರ ಮೇಲೆ ಜೋರು ಮಾಡುವ ಅಪ್ಪ ಅಕ್ಕನ ಮುಂದೆ ಮಾತ್ರ ತಣ್ಣಗಾಗುತ್ತಿದ್ದ. ಅವಳು ಬೇಡ ಅಂದದ್ದು ನಮ್ಮ ಮನೆಯಲ್ಲಿ ನಡೆದದ್ದನ್ನು ನಾನು ಕಾಣೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಬೇಸಿಗೆ ರಜೆಗೆ ವಿದೇಶಕ್ಕೆ ಹೋಗುವ ಮಾತು ಬಂತು. ಮಂಡಿಯ ಗೆಳೆಯರೆಲ್ಲ ಮಕ್ಕಳನ್ನು ಯುರೋಪ್ ಪ್ರವಾಸಕ್ಕೆ ಕಳಿಸುತ್ತಿದ್ದರು. ದಿನಕ್ಕೊಂದು ಊರು, ದೊಡ್ಡ ಹೋಟೆಲ್ಲು, ರಾಶಿ ಫೋಟೋ. ಅಪ್ಪನ ಮನಸ್ಸು ಅದರ ಮೇಲಿತ್ತು. ನಮ್ಮ ಇಂಗ್ಲಿಷ್ ಮೇಡಂ ಇನ್ನೊಂದು ಹೇಳಿದ್ದರು. ಜಪಾನಿನ ಸಣ್ಣ ಊರೊಂದರಲ್ಲಿ, ಒಂದೇ ಮನೆಯಲ್ಲಿ ಆ ಮನೆಯ ಮಗಳ ಹಾಗೆ ತಿಂಗಳು ಪೂರ್ತಿ ಇದ್ದು, ಅವರ ಅಡುಗೆ, ಹಬ್ಬ, ಮಾತು ಕಲಿತು ಬರುವುದು. ನನಗೆ ಅದೇ ಬೇಕಿತ್ತು. ಬಸ್ಸಿನ ಕಿಟಕಿಯಿಂದ ಊರು ನೋಡುವುದು ನನಗೆ ಇಲ್ಲೇ ಸಾಕಾಗಿತ್ತು. "ಗುರುತಿಲ್ಲದೋರ ಮನೆಗೆ ಹೆಣ್ಣುಹುಡುಗೀನ ಹೆಂಗೆ ಕಳ್ಸಾದು?" ಅಂತ ಅಪ್ಪ. ನಾನು ಊಟ ಬಿಟ್ಟೆ, ಮಾತು ಬಿಟ್ಟೆ. ಕೊನೆಗೆ ಅವನು "ಅಕ್ಕ ಹೆಂಗೆ ಹೇಳ್ತಾಳೋ ಹಂಗೆ" ಅಂದ. ನನ್ನ ಆಸೆಗೆ ಅಲ್ಲಿಗೇ ಕಲ್ಲು ಬಿತ್ತು ಅಂದುಕೊಂಡೆ. ಶಿವಮೊಗ್ಗ ದಾಟದ ಅತ್ತೆ ಜಪಾನಿಗೆ ಹೂಂ ಅನ್ನುತ್ತಾಳೆಯೇ...

ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ಮೊದ್ಲು ಮನೆ ನೋಡಾಣ" ಅಂದಳು. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹಿರಿಯರು ಗಂಡಿನ ಮನೆ ನೋಡಲು ಹೋಗುತ್ತಾರೆ. ಅಡುಗೆಮನೆ, ಹಿತ್ತಲು, ನೀರಿನ ಅನುಕೂಲ, ಮನೆಯವರ ಮಾತಿನ ರೀತಿ ಎಲ್ಲ ನೋಡಿಕೊಂಡು ಬಂದ ಮೇಲೆಯೇ ಮುಂದಿನ ಮಾತು.

ಅಪ್ಪ ನಕ್ಕುಬಿಟ್ಟ. "ಅಕ್ಕಾ, ಇದೇನು ಸಂಬಂಧ ಬೆಳ್ಸಾದಾ? ಒಂದು ತಿಂಗ್ಳು ಇದ್ದು ಬರ್ತಾಳೆ."

"ನನ್ನ ಕೊಡಾವಾಗ ಯಾರೂ ಮನೆ ನೋಡಿರ್ಲಿಲ್ಲ" ಅಂದಳು ಅತ್ತೆ.

ಅಪ್ಪನ ನಗು ನಿಂತಿತು. ಅತ್ತೆಯನ್ನು ಜಗಳೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರಂತೆ. ಮಧ್ಯಸ್ಥಿಕೆ ಮಾಡಿದ ನೆಂಟರು "ಏನೂ ತೊಂದ್ರೆ ಇಲ್ಲ" ಅಂದದ್ದನ್ನು ನಂಬಿ ಅಜ್ಜ ಹೂಂ ಅಂದಿದ್ದ. ಗಂಡನಿಗೆ ಅದೇ ಊರಲ್ಲಿ ಇನ್ನೊಂದು ಸಂಸಾರ ಇತ್ತು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಯಾರಾದರೂ ಒಂದು ಸಲ ಹೋಗಿ ಕೂತು ಬಂದಿದ್ದರೆ ತಿಳಿದುಬಿಡುತ್ತಿತ್ತು. ಅತ್ತೆ ಟ್ರಂಕು ಹಿಡಿದು ವಾಪಸ್ ಬಂದವಳು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ.

ಮೊದಲು ಪ್ರವಾಸದ ಏಜೆಂಟು ಮನೆಗೆ ಬಂದ. ಹೋಟೆಲಿನ ಗಾಜಿನ ಬಾಗಿಲು, ಕಾರಂಜಿ ಎಲ್ಲ ತೋರಿಸಿದ. "ಹುಡುಗಿ ಮಲಗಾ ಕೋಣೆ ತೋರ್ಸಪ್ಪ. ಪಕ್ಕದಾಗೆ ಯಾರು ಇರ್ತಾರೆ?" ಅಂತ ಅತ್ತೆ. "ಅದನ್ನೆಲ್ಲ ಅಲ್ಲಿಗೆ ಹೋದ್ಮೇಲೆ ಕೊಡ್ತಾರಮ್ಮ. ಏನೂ ತೊಂದ್ರೆ ಇಲ್ಲ" ಅಂದ. ಪಾಪ, ಅವನಿಗೇನು ಗೊತ್ತು. ಆ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಎದ್ದು, ಟೀ ಕೊಟ್ಟು ಕಳಿಸ್ರಿ ಅಂತ ಒಳಗೆ ಹೋದಳು.

ಜಪಾನಿನ ಮನೆ ನೋಡುವ ದಿನ ಅತ್ತೆ ಇಳಕಲ್ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು ಬಂದಳು. ವಿಡಿಯೋ ಕರೆ ಮಾಡಿ ಫೋನನ್ನು ಡಬ್ಬಿಗೆ ಒರಗಿಸಿದೆವು. ಬೆಂಗಳೂರಿನಿಂದ ಅದೇ ಕರೆಗೆ ಸೇರಿಕೊಂಡಿದ್ದ ಒಬ್ಬ ಹುಡುಗಿ ಆ ಮಾತನ್ನು ಈ ಮಾತಿಗೆ ತಿರುಗಿಸುತ್ತಿದ್ದಳು. "ಮನೆಯಾಗಿರಾ ಗಂಡಸ್ರೆಲ್ಲಾ ಒಂದ್ಸಲ ಮುಂದೆ ಬರಾಕೆ ಹೇಳಮ್ಮ" ಅಂದಳು ಅತ್ತೆ. ಆ ಮನೆಯ ಯಜಮಾನರೂ ಮಗನೂ ಬಂದು ಬಾಗಿ ನಮಸ್ಕರಿಸಿದರು. ಅತ್ತೆಯೂ ಬಾಗಿದಳು. ಅವರು ಮತ್ತೆ ಬಾಗಿದರು. ಇವಳು ಬಿಟ್ಟಾಳೆಯೇ, ಮತ್ತೆ ಬಾಗಿದಳು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಬಚ್ಚಲಿಗೆ ಒಳಗಿನಿಂದ ಚಿಲಕ ಉಂಟೇ ಅಂತ ಕೇಳಿದಳು. ಆ ಮನೆಯಾಕೆ ಫೋನು ಹಿಡಿದು ಬಚ್ಚಲಿಗೆ ಹೋಗಿ ಚಿಲಕ ಹಾಕಿ, ತೆಗೆದು ತೋರಿಸಿದರು. ಕಿಟಕಿಯ ಆಚೆ ಕಟಾವಾದ ಗದ್ದೆ ಕಂಡಿತು. "ನಮ್ಮ ಸೂಳೆಕೆರೆ ಕಡೆ ಇದ್ದಂಗೇ ಐತಲ್ಲ" ಅಂತ ಅತ್ತೆಯ ಮುಖ ಅರಳಿತು.

ಊಟದ ಮಾತು ಬಂದಾಗ ಆ ಮನೆಯಾಕೆ ಒಂದು ಹೊಸ ಪಾತ್ರೆ ತಂದು ತೋರಿಸಿದರು. ಆಮೇಲೆ ನಿಧಾನವಾಗಿ ಏನೋ ಹೇಳಿದರು. ಬೆಂಗಳೂರಿನ ಹುಡುಗಿಯೂ ತಡವರಿಸಿದಳು. "ಇಲ್ಲೊಂದು ತೊಂದ್ರೆ ಇದೆ ಅಂತಿದಾರೆ. ಅವರ ಸಾರಿಗೆಲ್ಲ ಒಣಮೀನಿನ ನೀರು ಹಾಕ್ತಾರಂತೆ. ಹಾಕದೆ ಅಡುಗೆ ಮಾಡಿ ಅಭ್ಯಾಸ ಇಲ್ವಂತೆ. ನಿಮ್ಮ ಹುಡುಗಿಗೆ ಅಂತ ಬೇರೆ ಪಾತ್ರೆ ತಂದಿಟ್ಟಿದಾರೆ, ಆದ್ರೂ ತಪ್ಪಾದೀತು ಅಂತ ಭಯ ಅಂತೆ."

ಅಮ್ಮ ಎದೆಯ ಮೇಲಿನ ಲಿಂಗ ಮುಟ್ಟಿಕೊಂಡಳು. "ಮೀನು ಬೇಯ್ಸೋ ಮನೆ ಅಕ್ಕಾ" ಅಂದ ಅಪ್ಪ, ಮೆಲ್ಲಗೆ. ನನಗೆ ಅಳು ತಡೆಯಲಾಗಲಿಲ್ಲ. ಎಲ್ಲ ಮುಗಿಯಿತು ಅಂತ ಎದ್ದು ಹೋಗಬೇಕು ಅನ್ನುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದು ಕೂರಿಸಿದಳು.

"ಬೇಯಿಸ್ತೀವಿ ಅಂತ ಬಾಯಿಬಿಟ್ಟು ಹೇಳಿದ್ರಲ್ಲೋ. ತೊಂದ್ರೆ ಐತೆ ಅಂತ ಮೊದ್ಲೇ ಹೇಳಾ ಮನೀಗೆ ಕಣ್ಣು ಮುಚ್ಕಂಡು ಕಳಿಸ್ಬೌದು." ಆಮೇಲೆ ಫೋನಿನ ಕಡೆ ತಿರುಗಿ, "ನಮಗೆ ಒಪ್ಪಿಗೆ ಐತೆ ಅಂತ ಹೇಳಮ್ಮ. ರೊಟ್ಟಿ, ಚಟ್ನಿಪುಡಿ ನಾನೇ ಕಟ್ಟಿ ಕಳಿಸ್ತೀನಿ. ತಪ್ಪಾದ್ರೆ ಹುಡುಗಿ ಒಂದೊತ್ತು ಅದನ್ನೇ ತಿಂತಾಳೆ" ಅಂದಳು. ಎಲ್ಲರ ಕೈಗೂ ಸಕ್ಕರೆ ಹಾಕಿದಳು. ಅಪ್ಪನೂ ಸಕ್ಕರೆ ಬಾಯಿಗೆ ಹಾಕಿಕೊಂಡ.

ನಾನು ಹೋದೆ, ಇದ್ದೆ, ಬಂದೆ. ಒಂದು ದಿನವೂ ಆ ಮನೆ ಪರರದ್ದು ಅನ್ನಿಸಲಿಲ್ಲ. ಈಗಲೂ ಹೊಸ ವರ್ಷಕ್ಕೆ ಅವರ ಫೋನು ಬರುತ್ತದೆ. ಕಳೆದ ಸಲ ಅತ್ತೆಯನ್ನು ಕೇಳಿದರು. ಅತ್ತೆ ತೀರಿಕೊಂಡಳು ಅಂತ ಅವರ ಭಾಷೆಯಲ್ಲಿ ಹೇಳುವುದನ್ನು ನಾನು ಆ ಮನೆಯಲ್ಲಿ ಕಲಿತಿರಲಿಲ್ಲ...

ಈಗ ಹೊನ್ನಾಳಿಯಿಂದ ನನಗೆ ಸಂಬಂಧ ಬಂದಿದೆ. ಹುಡುಗನ ಜೊತೆ ಮಾತಾಡಿದ್ದೇನೆ, ಹಿಡಿಸಿದ್ದಾನೆ. "ಮಂಡಿಯ ಗುರುತಿನೋರೇ, ಮನೆ ನೋಡಾದು ಏನೈತೆ?" ಅಂದ ಅಪ್ಪ. ಅಮ್ಮ ಹೌದು ಅಂದಳು. ನಮ್ಮ ಮನೆಯಲ್ಲಿ ಬೇರೆ ಯಾರೂ ಏನೂ ಅನ್ನಲಿಲ್ಲ. ಅತ್ತೆ ಇಲ್ಲ ಅನ್ನುವುದು ಅವಳ ಮಣ್ಣಿನ ದಿನಕ್ಕಿಂತ ಅವತ್ತು ನನಗೆ ಹೆಚ್ಚು ಗೊತ್ತಾಯಿತು. ರಾತ್ರಿಯೆಲ್ಲ ಯೋಚಿಸುವಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ಹುಡುಗನಿಗೆ ಹೇಳಿ ಬಸ್ಸು ಹತ್ತಿದೆ.

ಬಾಗಿಲು ತೆರೆದ ಅವನ ತಾಯಿ ನನ್ನ ಹಿಂದೆ ಮುಂದೆ ನೋಡಿದರು. "ಒಬ್ಳೇ ಬಂದ್ಯೇನವ್ವ? ಮನೆ ನೋಡಾಕೆ ನಿಮ್ಮ ಹಿರೇರು ಯಾರೂ ಬರ್ಲಿಲ್ಲಾ?"

"ನಮ್ಮತ್ತೆ ಬರ್ಬೇಕಿತ್ತು ರೀ. ಅವ್ರು ಈಗಿಲ್ಲ, ಅದ್ಕೇ ನಾನು ಬಂದೀನಿ" ಅಂದೆ. ಚಪ್ಪಲಿ ಬಿಟ್ಟು, ಅಡುಗೆಮನೆ ಯಾವ ಕಡೆ ಅಂತ ಕೇಳಿದೆ.