ಕಬ್ಬಿಣದವರ ಕಾಳಗ ಬರೆದ ಮೇಷ್ಟ್ರು

ಹೋದ ವಾರ ಅಂಗಡಿಯ ಹಿಂದಿನ ಕಪಾಟು ಖಾಲಿ ಮಾಡುವಾಗ ಕಪ್ಪು ಶಾಯಿಯ ಒಂದು ಪುಟ್ಟ ಬಾಟಲಿ ಸಿಕ್ಕಿತು. ಮುಚ್ಚಳ ಅಂಟಿಕೊಂಡಿತ್ತು. ಬಟ್ಟೆ ಹಿಡಿದು ತಿರುಗಿಸಿದಾಗ ಕರ್ಪೂರದ ಜೊತೆ ಏನೋ ಸುಟ್ಟಂಥ ವಾಸನೆ ಬಂತು. ಒಳಗಿನ ಶಾಯಿ ಒಣಗಿ ಚಕ್ಕೆಯಾಗಿತ್ತು. ಆದರೂ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಡ್ರಾಯಿಂಗ್ ಮೇಷ್ಟ್ರು ಬರುವ ಹೊತ್ತಾಯಿತು ಅನ್ನಿಸಿತು...

ಸಕಲೇಶಪುರದ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಮೇಷ್ಟ್ರು ಬೆಳಗೋಡಿನ ಕಡೆಯವರು, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಉಗುರ ಸಂದಿಯಲ್ಲಿ ಕಪ್ಪು ಶಾಯಿ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಮಗ, ಸೊಸೆ, ಒಂದು ಹೆಣ್ಣು ಮಗು. ಶಾಲೆ ಬಿಟ್ಟ ಮೇಲೆ ಅವರು ಬಸ್ಸು ಹತ್ತಿ ನನ್ನಲ್ಲಿಗೆ ಬರುತ್ತಿದ್ದುದು ತಮ್ಮ ಕಾಮಿಕ್ಸ್ ಚಿತ್ರಕತೆಗಾಗಿ. ಚಿತ್ರ ಅವರೇ ಬರೆಯುತ್ತಿದ್ದರು. ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಗಳೊಳಗಿನ ಮಾತನ್ನು ನಾನು ಟೈಪ್ ಮಾಡಿ, ಕತ್ತರಿಸಿ ಕೊಡಬೇಕು. ಅವರ ಕೈಬರಹ ಅವರಿಗೇ ಓದಲು ಬರುತ್ತಿರಲಿಲ್ಲ.

"ಚಿತ್ರ ಬರೆಯೋ ಕೈಗೆ ಅಕ್ಷರ ಒಲಿಯಲ್ಲ ಕಣಮ್ಮ," ಎನ್ನುತ್ತಿದ್ದರು.

ಆ ಚಿತ್ರಕತೆಯ ಹೆಸರು 'ಕಬ್ಬಿಣದವರ ಕಾಳಗ'. ಒಂದು ಬೆಟ್ಟ ಕೊರೆಯಲು ಸರ್ಕಾರ ಎರಡು ದಂಡು ಯಂತ್ರಮಾನವರನ್ನು ತರಿಸುತ್ತದೆ, ಹಳದಿಯವರು ಮತ್ತು ಕೆಂಪಿನವರು. ಕೊರೆಯುತ್ತ ಕೊರೆಯುತ್ತ ಅವರಿಗೆ ಬೆಟ್ಟ ತಮ್ಮದೇ ಅನ್ನಿಸಿಬಿಡುತ್ತದೆ. ಬೆಟ್ಟದ ಹೊಟ್ಟೆಯೊಳಗೆ ಯುದ್ಧ ಶುರುವಾಗುತ್ತದೆ. ಮೇಲಿನ ಊರುಗಳಲ್ಲಿ ಗೋಡೆ ಬಿರಿಯುತ್ತವೆ, ಪಾತ್ರೆ ಉರುಳುತ್ತವೆ. ಸರ್ಕಾರ ಊರೂರಿಗೆ ಬೋರ್ಡು ಹಾಕಿಸುತ್ತದೆ: 'ಇದು ಗುಡುಗು.' ಮೋಡವೇ ಇಲ್ಲದೆ ಗುಡುಗು ಹೇಗೆ ಎಂದು ಶಾಲೆಯ ಮಕ್ಕಳು ಕೇಳಿದಾಗ ಅಧಿಕಾರಿಗಳು ಉದ್ದದ ಏಣಿ ಹಾಕಿ ಆಕಾಶಕ್ಕೆ ಮೋಡದ ಬಣ್ಣ ಬಳಿಯುತ್ತಾರೆ. ಆ ಪುಟವನ್ನು ಟೈಪ್ ಮಾಡುವಾಗ ನಾನು ನಕ್ಕಿದ್ದು ನೆನಪಿದೆ.

ಯಂತ್ರಗಳ ವಿಷಯದಲ್ಲಿ ಮೇಷ್ಟ್ರಿಗೆ ಗುರು ಅವರ ಮಗನೇ. ಘಟ್ಟದ ಅಂಚಿನಲ್ಲಿ ನೀರಿಗಾಗಿ ಸುರಂಗ ಕೊರೆಯುತ್ತಿದ್ದ ಒಂದು ಕಂಪನಿಯಲ್ಲಿ ಅವನು ಜೆಸಿಬಿ ಓಡಿಸುತ್ತಿದ್ದ. ವಾರವೆಲ್ಲ ಅಲ್ಲಿಯ ಶೆಡ್ಡಿನಲ್ಲಿದ್ದು ಭಾನುವಾರ ಊರಿಗೆ ಬರುತ್ತಿದ್ದ. ಒಮ್ಮೆ ಅಪ್ಪನ ಜೊತೆ ಅಂಗಡಿಗೂ ಬಂದಿದ್ದ. ಚಿತ್ರಗಳನ್ನು ನೋಡಿ, "ಅಪ್ಪಾ, ಕೈ ಹಿಂಗೆ ಮಡಚಲ್ಲ. ಮುರಿದೋಗ್ತದೆ," ಎಂದು ತನ್ನ ಮೊಣಕೈ ಮಡಚಿ ತೋರಿಸಿದ. ಮೇಷ್ಟ್ರು ಅಲ್ಲೇ ರಬ್ಬರ್ ತೆಗೆದು ಅಳಿಸಿದರು. ಮಗ ತಪ್ಪು ಹಿಡಿದದ್ದಕ್ಕೆ ಅವರಿಗಾದ ಖುಷಿ ಮುಖದಲ್ಲೇ ಕಾಣುತ್ತಿತ್ತು.

ಆ ವರ್ಷದ ಮಳೆಗಾಲದಲ್ಲಿ ಬೆಟ್ಟ ಜಾರಿತು. ಮಳೆಯಲ್ಲೂ ಸಿಡಿಮದ್ದು ಹಾಕುತ್ತಿದ್ದರು ಎಂದು ಆಚೀಚೆಯ ತೋಟದವರು ಹೇಳಿದರು. ಮಣ್ಣು ಬಂದು ಕೂತದ್ದು ಕೆಲಸದವರು ಮಲಗುತ್ತಿದ್ದ ಶೆಡ್ಡುಗಳ ಮೇಲೆ. ಸರ್ಕಾರದ ಕಡೆಯಿಂದ ಬಂದ ಮಾತು ಒಂದೇ: ಶೆಡ್ಡುಗಳನ್ನು ಮೊದಲೇ ಖಾಲಿ ಮಾಡಿಸಲಾಗಿತ್ತು, ಪ್ರಾಣಹಾನಿ ಇಲ್ಲ. ಮಣ್ಣು ತೆಗೆಯುವ ಗೋಜಿಗೂ ಹೋಗಲಿಲ್ಲ. ಅದರ ಮೇಲೆಯೇ ರೋಲರ್ ಓಡಿಸಿ ರಸ್ತೆ ಮಾಡಿದರು. ಶೆಡ್ಡಿನಲ್ಲಿದ್ದವರೆಲ್ಲ ಒಡಿಶಾ ಕಡೆಯ ಕೂಲಿಗಳು, ಮೇಷ್ಟ್ರ ಮಗನೊಬ್ಬನನ್ನು ಬಿಟ್ಟು. ಅವನ ಬಗ್ಗೆ ಕೇಳಲು ಹೋದಾಗ ಪೊಲೀಸಿನವನು, "ಎಲ್ಲಿಗೋ ಹೋಗಿರ್ತಾನೆ ಮೇಷ್ಟ್ರೇ, ವಯಸ್ಸಿನ ಹುಡುಗ. ಬತ್ತಾನೆ," ಅಂದನಂತೆ.

ಅದಾಗಿ ಎಷ್ಟೋ ದಿನದ ಮೇಲೆ ಮೇಷ್ಟ್ರು ಅಂಗಡಿಗೆ ಬಂದರು. ನಾನು ಕುರ್ಚಿ ಎಳೆದು ಕೊಟ್ಟೆ. ಅವರು ಸತ್ತವರನ್ನು ಹೂಳುವ ಜನ. ಹಣೆಗೆ ವಿಭೂತಿ ಹಚ್ಚಿ, ಕೂರಿಸಿ, ಮಣ್ಣು ಮಾಡುತ್ತಾರೆ.

"ಮಣ್ಣಂತೂ ಆಯ್ತು ಕಣಮ್ಮ," ಅಂದರು. "ವಿಭೂತಿ ಹಚ್ಚೋಕೆ ಮುಖ ಸಿಗ್ಲಿಲ್ಲ."

ಅವರ ಚೀಲದಲ್ಲಿ ಚಿತ್ರಕತೆಯ ಕೊನೆಯ ಭಾಗವಿತ್ತು. ಕಾಳಗದ ನಡುವೆ ಹಳದಿಯವನೊಬ್ಬನಿಗೆ ಮಣ್ಣಿನಲ್ಲಿ ಹೂತ ಮನುಷ್ಯನೊಬ್ಬ ಕಾಣುತ್ತಾನೆ. ಯಂತ್ರಮಾನವ ಯುದ್ಧ ಬಿಟ್ಟು, ಅವನನ್ನು ಅಂಗೈಯಲ್ಲಿ ಎತ್ತಿಕೊಂಡು, ಕಾಡು ದಾಟಿ, ರೈಲು ಹಳಿ ದಾಟಿ, ಸರ್ಕಾರದ ಕಚೇರಿಗೆ ಬರುತ್ತಾನೆ. ಕೈ ಚಾಚುತ್ತಾನೆ. ಅಂಗೈಯಲ್ಲಿ ಮನುಷ್ಯ ಮಲಗಿದ್ದಾನೆ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ನೋಡಿ ಹೇಳುತ್ತಾನೆ: 'ನಿನ್ನ ಕೈ ಖಾಲಿ ಇದೆ.' ಅದೇ ಕೊನೆಯ ಮಾತು. ಅದನ್ನು ಟೈಪ್ ಮಾಡುವಾಗ ನನಗೆ ನಗು ಬರಲಿಲ್ಲ.

ನಾನು ಪ್ರತಿಗಳನ್ನು ತೆಗೆದುಕೊಟ್ಟೆ. ಮಕ್ಕಳ ಕೈಯಿಂದ ಕೈಗೆ ಹೋಗಿ ಅದು ಎಸ್ಟೇಟ್ ಕೂಲಿಗಳ ಲೈನುಮನೆಗಳಲ್ಲೆಲ್ಲ ಓಡಾಡಿತು. ದೊಡ್ಡವರೂ ಓದಿದರು. ಹೆಸರು ಹಾಕದಿದ್ದರೂ ಅದು ಯಾವ ಬೆಟ್ಟ ಎಂದು ಯಾರೂ ಕೇಳಲಿಲ್ಲ.

ಅದೇ ಸುಮಾರಿಗೆ ಸತ್ತ ಕೂಲಿಗಳ ಹೆಂಡಂದಿರು ರೈಲಿನಲ್ಲಿ ಬಂದರು. ವಕೀಲರೊಬ್ಬರು ಅವರ ಪರವಾಗಿ ಕೇಸು ಹಾಕಿದರು. ಆ ಶೆಡ್ಡಿನಲ್ಲಿ ಜನರಿದ್ದರು ಎಂದು ಹೇಳಬಲ್ಲ ಊರಿನ ಕುಟುಂಬ ಒಂದೇ ಇತ್ತು. ಮೇಷ್ಟ್ರ ಸೊಸೆ, ಆಲೂರು ಕಡೆಯ ಹುಡುಗಿ, ಸಾಕ್ಷಿ ಹೇಳುತ್ತೇನೆಂದು ಒಪ್ಪಿದ್ದಳು.

ಆಮೇಲೆ ಒಬ್ಬ ಅಧಿಕಾರಿ ಬಂದ. ಗದರಿಸಲು ಬಂದಿದ್ದರೆ ಮೇಷ್ಟ್ರು ಬಗ್ಗುತ್ತಿರಲಿಲ್ಲವೇನೋ... ಅವನು ತುಂಬ ಮರ್ಯಾದಸ್ಥ. ಮೇಷ್ಟ್ರು ಇಲ್ಲಿ ಸಿಗುತ್ತಾರೆ ಎಂದು ತಿಳಿದು ನನ್ನ ಅಂಗಡಿಗೇ ಬಂದು, ಟೀ ಕುಡಿದು, ಪ್ರತಿ ಪುಟವನ್ನೂ ಹೊಗಳಿದ. ಸರ್ಕಾರವೇ ಇದನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಎಲ್ಲ ಶಾಲೆಗೂ ಹಂಚುತ್ತದೆ ಅಂದ.

"ಕೊನೆ ಮಾತ್ರ ಮಕ್ಕಳಿಗೆ ಭಯ ಆಗೋ ಹಾಗಿದೆ. ಸ್ವಲ್ಪ ಬದಲಾಯಿಸಿ. ಎರಡೂ ಕಡೆಯವರು ರಾಜಿಯಾಗಲಿ, ಊರು ಉಳಿಯಲಿ." ಆಮೇಲೆ ದನಿ ತಗ್ಗಿಸಿದ. "ನಿಮ್ಮ ಮಗನ ವಿಷಯ ನನಗೂ ಗೊತ್ತು. ಹೆಣ ಸಿಗದೆ ಮರಣ ಪತ್ರ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಮನೆಯಲ್ಲೇ ಎದೆನೋವು ಬಂದು ತೀರಿಕೊಂಡ ಅಂತ ಬರೆದುಕೊಡಿ. ನಾನು ಮಾಡಿಸಿಕೊಡ್ತೀನಿ."

ಮಾರನೆಯ ದಿನ ಮೇಷ್ಟ್ರು ಬಂದಾಗ ಸೊಸೆಯೂ ಹಿಂದೆಯೇ ಬಂದಳು, ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು.

"ಬ್ಯಾಡ ಮಾವ. ಆ ಹೆಂಗಸ್ರು ನನ್ನ ನಂಬ್ಕಂಡು ಕೇಸು ಹಾಕವ್ರೆ. ನಮ್ಮೋರು ಮನೇಲಿ ಸತ್ರು ಅಂದ್ಬುಟ್ರೆ ಅವರ ಗಂಡಂದಿರು ಎಲ್ಲಿ ಸತ್ತಂಗಾಯ್ತು?"

ಮೇಷ್ಟ್ರು ಅವಳ ಮುಖ ನೋಡಲಿಲ್ಲ. "ಬದುಕವ್ನೋ ಸತ್ತವ್ನೋ ಗೊತ್ತಿಲ್ದಂಗೆ ಇನ್ನೆಷ್ಟು ವರ್ಷ ಬಾಗಿಲಲ್ಲಿ ಕೂತಿರ್ತೀಯವ್ವ? ಗದ್ದೆ ಖಾತೆ ಅವನ ಹೆಸರಲ್ಲೈತೆ. ಮಗೀನ ಶಾಲೆಗೆ ಸೇರಿಸೋವಾಗ ಅಪ್ಪ ಎಲ್ಲಿ ಅಂತಾರೆ. ನಾನು ಹೋಗ್ಬುಟ್ರೆ ನಿಮ್ಮಿಬ್ರಿಗೂ ಯಾರವ್ರೆ?"

"ನಂಗೆ ಬ್ಯಾಡ ಅಂತ ನಾನೇ ಹೇಳ್ತಾ ಇದೀನಲ್ಲ."

"ನಿಂಗೆ ಬ್ಯಾಡ. ಅವಳಿಗೆ ಬೇಕು," ಎಂದು ಮಗುವಿನ ಕಡೆ ಕೈ ತೋರಿಸಿದರು.

ಮೇಷ್ಟ್ರು ನನ್ನ ಮೇಜಿನ ಮೇಲೆಯೇ ಕೊನೆಯ ಪುಟ ಹರಡಿಕೊಂಡು, ಬಿಳಿ ಬಣ್ಣ ಬಳಿದು ಆ ಮನುಷ್ಯನನ್ನು ಮುಚ್ಚಿದರು. ಅದು ಆರುವವರೆಗೂ ಕಾದು, ಅಂಗೈಯಲ್ಲಿ ಒಂದು ಸಸಿ ಬರೆದರು. ಬೆರಳುಗಳನ್ನು ಬದಲಿಸಲಿಲ್ಲ. ಆಳಿನ ಭಾರಕ್ಕೆ ಬಾಗಿದ ಬೆರಳುಗಳ ನಡುವೆ ಎರಡೆಲೆಯ ಸಸಿ. ಗುಳ್ಳೆಯಲ್ಲಿ ಏನು ಬರೆಯಲಿ ಎಂದು ಕೇಳಿದೆ. "ಅವರೇ ಹೇಳಿ ಕಳಿಸವ್ರೆ," ಎಂದು ಒಂದು ಚೀಟಿ ಕೊಟ್ಟರು. 'ಎಲ್ಲರೂ ಸುರಕ್ಷಿತ.' ಟೈಪ್ ಮಾಡಿಕೊಟ್ಟೆ.

ಎದೆನೋವು ಎಂದು ಮೇಷ್ಟ್ರು ಬರೆದುಕೊಟ್ಟರು, ಮರಣ ಪತ್ರ ಹೇಳಿದ ಹಾಗೇ ಬಂತು. ಪುಸ್ತಕವೂ ಬಣ್ಣದಲ್ಲಿ ಬಂತು, ಬಂಡಲುಗಟ್ಟಲೆ. ಕೋರ್ಟಿನಲ್ಲಿ ಕಂಪನಿಯ ವಕೀಲ ಆ ಮರಣ ಪತ್ರವನ್ನೇ ಮುಂದಿಟ್ಟನಂತೆ. ಮಣ್ಣಿನಡಿ ಹೋದ ಎಂದು ಇವರು ಹೇಳುವ ಊರಿನ ಒಬ್ಬನೇ ಒಬ್ಬ ಮನೆಯಲ್ಲಿ ಸತ್ತಿದ್ದಾನೆ, ಉಳಿದವರು ಅಲ್ಲಿದ್ದರು ಅನ್ನುವುದಕ್ಕೆ ಏನಿದೆ ಎಂದು ಕೇಳಿದನಂತೆ. ಕೇಸು ನಿಲ್ಲಲಿಲ್ಲ.

ಆ ಹೆಂಗಸರು ವಾಪಸು ಹೊರಟ ದಿನ ನಾನೂ ಸೊಸೆಯ ಜೊತೆ ಸ್ಟೇಷನ್ನಿಗೆ ಹೋಗಿದ್ದೆ. ಅವರಿಗೆ ಕನ್ನಡ ಬಾರದು, ಇವಳಿಗೆ ಅವರ ಮಾತು ಬಾರದು. ಅವರಲ್ಲಿ ವಯಸ್ಸಾದವಳೊಬ್ಬಳು ಮಗುವಿನ ಕೆನ್ನೆ ಮುಟ್ಟಿ ರೈಲು ಹತ್ತಿದಳು. ಉಳಿದವರು ಇವಳ ಕಡೆ ನೋಡಲೂ ಇಲ್ಲ. ಪ್ಲಾಟ್‌ಫಾರಂ ಖಾಲಿಯಾದ ಮೇಲೂ ಇವಳು ನಿಂತೇ ಇದ್ದಳು.

"ಹೀಗಾಗುತ್ತೆ ಅಂತ ನಿಮಗೆ ಗೊತ್ತಿರಲಿಲ್ಲ, ಬಿಡಿ ಮೇಷ್ಟ್ರೇ," ಎಂದು ಒಂದು ದಿನ ಸಮಾಧಾನಕ್ಕೆ ಅಂದೆ.

"ಗೊತ್ತಿತ್ತು ಕಣಮ್ಮ," ಅಂದರು. "ಅವಳು ಹೇಳಿದ್ಲಲ್ಲ, ನಿನ್ನೆದುರಿಗೇ. ಗೊತ್ತಿದ್ದೇ ಬರೆದೆ."

ಮನೆಯಲ್ಲಿ ಸೊಸೆ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಸುತ್ತಿದ್ದಳು, ಬಟ್ಟೆ ಒಗೆದು ಹಾಕುತ್ತಿದ್ದಳು. ಮಾತು ಮಾತ್ರ ಇರಲಿಲ್ಲ. ಮೇಷ್ಟ್ರು ಅದನ್ನು ದೂರುವ ಹಾಗೆ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದರು, ಅಷ್ಟೇ.

ಪುಸ್ತಕಕ್ಕೆ ಹೆಸರು ಬಂದಿದ್ದರಿಂದ, ಆ ಯಂತ್ರಮಾನವರನ್ನು ಶಾಲೆಯ ಗೋಡೆಯ ಮೇಲೂ ಬರೆಯಿರಿ ಎಂದು ಹೆಡ್‌ಮೇಷ್ಟ್ರು ಕೇಳಿದರು. ಇವರು ಒಪ್ಪಿಕೊಂಡರು. ರಜೆಯ ದಿನ ಒಬ್ಬರೇ ಹೋಗಿ, ಗೋಡೆಯ ಉದ್ದಕ್ಕೂ ಆ ಹಳದಿಯವನನ್ನು ಬರೆದು, ಅವನ ಅಂಗೈಯಲ್ಲಿ ಮಗನನ್ನು ಮಲಗಿಸಿದರು. ಮಗನದೇ ಮುಖ, ಹಣೆಯಲ್ಲಿ ವಿಭೂತಿ. ಸುತ್ತ ಇನ್ನೂ ಹಲವು ಜನ ಮಲಗಿದ್ದರು. ಅವರ ಮುಖ ಮೇಷ್ಟ್ರಿಗೆ ಗೊತ್ತಿರಲಿಲ್ಲ, ಹಾಗಾಗಿ ಖಾಲಿ ಬಿಟ್ಟಿದ್ದರು. ಮಾರನೆಯ ದಿನ ಪ್ರಾರ್ಥನೆಗೆ ನಿಂತ ಮಕ್ಕಳು ಗಲಾಟೆ ಮಾಡದೆ ನೋಡಿದರಂತೆ. ಮಧ್ಯಾಹ್ನದೊಳಗೆ ಜೀಪು ಬಂತು. ಗೋಡೆಗೆ ಎರಡು ಸಲ ಸುಣ್ಣ ಹೊಡೆದರು. ಮೇಷ್ಟ್ರನ್ನು ದೂರದ ಬಿಸಿಲೆ ಕಾಡಿನ ಕಡೆಯ ಶಾಲೆಗೆ ವರ್ಗ ಮಾಡಿದರು.

ಹೊರಡುವ ಮುಂಚೆ ಅಂಗಡಿಗೆ ಬಂದು ಶಾಯಿಯ ಬಾಟಲಿ ಇಟ್ಟುಹೋದರು. ಇದೆಲ್ಲ ಇನ್ನು ಬೇಡ ಅಂದರು. ಆ ಕಾಡು ಶಾಲೆಯಲ್ಲಿ ಅವರು ಒಂದು ಗೆರೆಯನ್ನೂ ಎಳೆಯಲಿಲ್ಲ, ಮಕ್ಕಳಿಗೆ ಬಣ್ಣದ ಡಬ್ಬಿ ಕೊಟ್ಟು ಸುಮ್ಮನೆ ಕೂರುತ್ತಿದ್ದರು ಎಂದು ಕೇಳಿದೆ. ಮುಂದಿನ ಮಳೆಗಾಲಕ್ಕೆ ಜ್ವರ ಬಂದು ಮಲಗಿದರು. ಹೋಗಿ ಕರೆತಂದವಳು ಸೊಸೆಯೇ. ಕೊನೆಯ ದಿನಗಳಲ್ಲಿ ಅವಳು ಅವರ ಜೊತೆ ಮಾತಾಡಿದಳೇ? ನಾನು ಕೇಳಲಿಲ್ಲ. ಅವರನ್ನು ಗದ್ದೆಯ ಪಕ್ಕ ಮಣ್ಣು ಮಾಡುವಾಗ ಹಣೆಗೆ ವಿಭೂತಿ ಹಚ್ಚಿದವಳು ಅವಳೇ. ನಾನು ಅಲ್ಲಿದ್ದೆ.

ಈಗ ಸುರಂಗದಲ್ಲಿ ನೀರು ಹರಿಯುತ್ತಿದೆ. ಆ ರಸ್ತೆಯಲ್ಲಿ ಲಾರಿಗಳು ಓಡಾಡುತ್ತವೆ. ಸೊಸೆ ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಾಳೆ. ಮಗಳೂ ಅದೇ ಶಾಲೆಗೆ ಹೋಗುತ್ತಾಳೆ. ನಿನ್ನೆ ಯಾವುದೋ ಕಾಗದದ ಜೆರಾಕ್ಸಿಗೆ ಬಂದ ಸೊಸೆ ಕೆಲಸ ಮುಗಿದರೂ ಹೊರಡದೆ ಕೂತಳು.

"ಮಗಳು ಓದೋಕೆ ಕಲ್ತವ್ಳೆ ಕಣಕ್ಕ," ಅಂದಳು. "ಶಾಲೆ ಕಪಾಟಲ್ಲಿ ಆ ಪುಸ್ತಕ ಇನ್ನೂ ಐತೆ. ತಾತ ಬರ್ದಿದ್ದು ಅಂತ ತಂದು ಪೂರ್ತಿ ಓದಿ ಹೇಳಿದ್ಲು. ಅಮ್ಮ, ಕೊನೇಲಿ ಯಾರೂ ಸಾಯಲ್ಲ ಅಂದ್ಲು."

"ನೀನೇನಂದೆ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿದಳು.

"ಹೂಂ ಅಂದೆ," ಅಂದಳು.